ಪಾಕೆಟ್ಟಿನ ಎಡದಂಚು

ಮೂರನೆಯದೂ ತಪ್ಪಿತು. ಹಳದಿ ಚೆಂಡು ಮೂಲೆಯ ಪಾಕೆಟ್ಟಿನ ಬಾಯಿಯವರೆಗೆ ಮರ್ಯಾದೆಯಾಗಿ ಹೋಗಿ, ಎಡದಂಚಿಗೆ ಬಡಿದು, ಮನಸ್ಸು ಬದಲಾಯಿಸಿದವರ ಹಾಗೆ ಈಚೆಗೆ ಬಂದು ನಿಂತಿತು.

"ಮೂರು," ಎಂದ ಸರ್ವೇಯರ್. ಕಿಸೆಯಿಂದ ತೆಗೆದ ಪುಟ್ಟ ಪುಸ್ತಕದಲ್ಲಿ ಪೆನ್ಸಿಲಿನಿಂದ ಏನೋ ಗುರುತು ಮಾಡಿಕೊಂಡ.

"ಅದೇನು ಬರ್ಕೊಳ್ತಿದೀಯಪ್ಪ, ನನ್ನ ಮೇಲೆ ಪೊಲೀಸ್ ಕಂಪ್ಲೇಂಟಾ?"

ಸುತ್ತ ನಿಂತವರು ನಕ್ಕರು. ಗುರಿಕಾರನೂ ನಕ್ಕ. ನಗುತ್ತಲೇ ಕ್ಯೂ ಕೋಲಿನ ತುದಿಗೆ ಚಾಕ್ ಉಜ್ಜಿದ. ಆಗತಾನೇ ಉಜ್ಜಿದ್ದು ಮರೆತಿತ್ತು.

ಅವನು ಬಸ್ ಡ್ರೈವರ್. ಹತ್ತೊಂಬತ್ತು ವರ್ಷ ಸ್ಟೀರಿಂಗ್ ಹಿಡಿದವನು. ಆದರೆ ಈ ಮೂರು ಟೇಬಲ್ಲಿನ ಪೂಲ್ ಹಾಲಿನಲ್ಲಿ ಅವನನ್ನು ಡ್ರೈವರ್ ಎಂದು ಯಾರೂ ಕರೆಯುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಒಂದೇ ಸರದಿಯಲ್ಲಿ ಟೇಬಲ್ ಖಾಲಿ ಮಾಡಿದ ದಿನ ಹಾಲಿನ ಯಜಮಾನ ಟೈಲರಣ್ಣ ಇಟ್ಟ ಹೆಸರು ಗುರಿಕಾರ. ಅದೇ ನಿಂತುಬಿಟ್ಟಿತು. ಹಾಲಿನ ತಂಡ ಪಂದ್ಯಕ್ಕೆ ಹೋದಾಗಲೆಲ್ಲ ಕೊನೆಯ ಆಟ ಅವನದೇ. ಸೋಲುವಂತಿದ್ದ ಪಂದ್ಯವನ್ನು ಎಷ್ಟೋ ಸಲ ದಡ ಸೇರಿಸಿದ್ದ.

ಸರ್ವೇಯರ್ ಅವನ ಹೆಂಡತಿಯ ತಮ್ಮ. ಹೊಲ, ನಿವೇಶನ, ರಸ್ತೆ ಅಳೆಯುವುದು ಅವನ ಕೆಲಸ. ಅಳೆಯದೆ ಒಂದು ಲೋಟ ನೀರನ್ನೂ ಕುಡಿಯುವವನಲ್ಲ ಎಂದು ಅವನ ಅಕ್ಕನೇ ಆಡಿಕೊಳ್ಳುತ್ತಿದ್ದಳು. ಪೂಲ್ ಆಟಕ್ಕೂ ಅವನು ಲೆಕ್ಕ ತಂದಿದ್ದ. ಹೊಡೆಯಬೇಕಾದ ಚೆಂಡನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಬೇಕು. ಕೋನ ನೋಡಿ, ಬಿಳಿ ಚೆಂಡು ಅದರ ಅರ್ಧವನ್ನು ಮುಚ್ಚಬೇಕೋ ಕಾಲು ಭಾಗವನ್ನೋ ತೀರ್ಮಾನಿಸಬೇಕು. ಹೊಸಬರಿಗೆ ಅದಕ್ಕಿಂತ ಸುಲಭದ್ದು ಹೇಳಿಕೊಡುತ್ತಿದ್ದ. ಹೊಡೆಯಬೇಕಾದ ಚೆಂಡಿನ ಬೆನ್ನಿಗೆ, ಪಾಕೆಟ್ಟಿನ ನೇರಕ್ಕೆ, ಇನ್ನೊಂದು ಚೆಂಡು ಅಂಟಿ ಕೂತಿದೆ ಎಂದು ಕಲ್ಪಿಸಿಕೊಳ್ಳಿ. ಬಿಳಿ ಚೆಂಡನ್ನು ಆ ಜಾಗಕ್ಕೆ ಕಳಿಸಿ.

"ಇರೋ ಚೆಂಡಿಗೆ ಹೊಡೆಯೋಕೆ ಬರ್ದೆ ಇರೋರು ಇಲ್ದಿರೋ ಚೆಂಡಿಗೆ ಹೊಡೀತಾರಂತೆ!" ಎಂದು ಹಿಂದಿನ ಭಾನುವಾರ ಗುರಿಕಾರ ಎಲ್ಲರ ಎದುರಿಗೆ ಗೇಲಿ ಮಾಡಿದ್ದ. "ಈಜೋನಿಗೆ ನೀರಿನ ತೂಕ ಗೊತ್ತಿರಬೇಕಾ? ಕಣ್ಣು ನೋಡುತ್ತೆ, ಕೈ ಹೊಡೆಯುತ್ತೆ. ಮಧ್ಯ ನಿನ್ನ ಲೆಕ್ಕಕ್ಕೇನು ಕೆಲಸ?"

"ಕಣ್ಣು ಸರಿಯಾಗಿ ನೋಡ್ತಿದೆ ಅಂತ ಹೇಗೆ ಗೊತ್ತು ಭಾವ?"

ಅವನು ಸುಮ್ಮನೆ ಕೇಳಿದ ಮಾತು. ಆದರೆ ಗುರಿಕಾರನಿಗೆ ಇಲ್ಲದ ಸಿಟ್ಟು ಬಂತು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಟೈಲರಣ್ಣನೇ ತೀರ್ಪು ಕೊಟ್ಟ: ಒಂದೇ ಹೊಡೆತ, ಇಬ್ಬರೂ ಹತ್ತು ಹತ್ತು ಸಲ. ಸೋತವರು ಮುಂದಿನ ಪಂದ್ಯದಲ್ಲಿ ಕೊನೆಯ ಆಟವನ್ನು ಗೆದ್ದವರಿಗೆ ಬಿಟ್ಟುಕೊಡಬೇಕು.

ಈ ಭಾನುವಾರ ಬೆಳಗ್ಗೆ ಬಂದ ಸರ್ವೇಯರ್ ಟೇಬಲ್ಲಿನ ಬಟ್ಟೆಯ ಮೇಲೆ ಎರಡು ಸಣ್ಣ ಕಾಗದದ ಬಳೆ ಅಂಟಿಸಿದ. ಚೆಂಡುಗಳು ಪ್ರತಿ ಸಲವೂ ಕೂದಲೆಳೆ ಆಚೀಚೆಯಾಗದೆ ಅಲ್ಲೇ ಕೂರಬೇಕು. ಮೊದಲು ತಾನು ಹೊಡೆದ. ಹತ್ತರಲ್ಲಿ ಏಳು ಬಿದ್ದವು. ತಪ್ಪಿದ ಮೂರರಲ್ಲಿ ಎರಡು ಬಲಕ್ಕೆ, ಒಂದು ಎಡಕ್ಕೆ. ಅದನ್ನೂ ಬರೆದುಕೊಂಡ.

ಗುರಿಕಾರನ ಮಟ್ಟಿಗೆ ಅದು ನಿದ್ದೆಗಣ್ಣಲ್ಲೂ ಹಾಕಬಹುದಾದ ಹೊಡೆತ.

ನಾಲ್ಕನೆಯದು ಎಡದಂಚಿಗೆ ಬಡಿಯಿತು. ಐದನೆಯದೂ ಅಷ್ಟೇ. ನಗುತ್ತಿದ್ದವರು ಈಗ ನಗುತ್ತಿರಲಿಲ್ಲ. ಪಕ್ಕದ ಟೇಬಲ್ಲಿನವರು ಆಟ ನಿಲ್ಲಿಸಿ ಬಂದು ನಿಂತರು. ಯಾರೋ "ಕ್ಯೂ ಬದಲಾಯಿಸಿ ನೋಡಿ" ಎಂದರು. ಬದಲಾಯಿಸಿದ. ಆರನೆಯದೂ ಎಡಕ್ಕೇ ಹೋಯಿತು.

ಅವನಿಗೆ ಗೊತ್ತಿತ್ತು. ನಾಲ್ಕು ತಿಂಗಳಿಂದ ಗೊತ್ತಿತ್ತು. ಒಂದು ಬೆಳಗ್ಗೆ ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡು ಬಲಗಣ್ಣು ಮುಚ್ಚಿದ್ದಾಗ, ಎಡಗಣ್ಣಿಗೆ ಗೋಡೆಯ ಟೈಲ್ಸುಗಳ ನೇರ ಗೆರೆ ನಡುವಿನಲ್ಲಿ ಹಾವಿನಂತೆ ಡೊಂಕಾಗಿತ್ತು. ತಿಂಗಳು ಕಳೆಯುವಷ್ಟರಲ್ಲಿ ಡೊಂಕಿನ ಜಾಗದಲ್ಲಿ ಹೆಬ್ಬೆಟ್ಟೊತ್ತಿದಂಥ ಬೂದಿ ಮಚ್ಚೆ. ಎರಡೂ ಕಣ್ಣು ತೆರೆದರೆ ಏನೂ ಇಲ್ಲ, ಲೋಕವೆಲ್ಲ ಮೊದಲಿನ ಹಾಗೇ. ಹಾಗಾಗಿ ಎರಡೂ ಕಣ್ಣು ತೆರೆದೇ ಇಟ್ಟುಕೊಂಡ. ಡಿಪೋದಲ್ಲಿ ವರ್ಷದ ಕಣ್ಣಿನ ಪರೀಕ್ಷೆ ಬಂದಾಗ ಸಾಲಿನಲ್ಲಿ ನಿಂತು, ಮುಂದಿನವರು ಓದಿದ ಅಕ್ಷರಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿ, ಬಲಗಣ್ಣು ಮುಚ್ಚಿಕೊಂಡು ಗಡಗಡ ಒಪ್ಪಿಸಿದ್ದ.

ಏಳು. ಎಡದಂಚು.

ಸರ್ವೇಯರ್ ಪೆನ್ಸಿಲ್ ಎತ್ತಲಿಲ್ಲ. ಅವನ ಮುಖದಲ್ಲಿದ್ದ ಗೆಲುವು ಯಾವಾಗಲೋ ಇಳಿದುಹೋಗಿತ್ತು. "ಸಾಕು ಬಿಡಿ ಭಾವ," ಎಂದ.

"ಯಾಕೆ ಸಾಕು? ಹತ್ತು ಅಂದ್ರೆ ಹತ್ತು."

"ಬೇಡ. ಇವತ್ತು ನಾನೇ ಸೋತೆ ಅಂದ್ಕೊಳ್ಳಿ."

"ಭಿಕ್ಷೆ ಹಾಕ್ತಿದೀಯಾ? ಚೆಂಡು ಇಡು."

ಎಂಟು, ಒಂಬತ್ತು. ಟೈಲರಣ್ಣ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತ ಎತ್ತಲೋ ನೋಡಿದ. ಹನ್ನೊಂದು ವರ್ಷದ ಹೆಸರು ತನ್ನ ಕಣ್ಣೆದುರೇ ಹರಿದುಹೋಗುವುದನ್ನು ನೋಡಲು ಅವನಿಗೂ ಇಷ್ಟವಿರಲಿಲ್ಲ.

ಹತ್ತನೆಯದಕ್ಕೆ ಬಾಗಿದಾಗ ಗುರಿಕಾರ ಕಣ್ಣಿಗೆ ಸರಿ ಕಂಡ ಜಾಗವನ್ನು ಬಿಟ್ಟ. ಪಾಕೆಟ್ಟನ್ನೇ ಬಿಟ್ಟು, ಅದರ ಬಲಗಡೆಯ ಮರದ ಅಂಚಿಗೆ ಗುರಿಯಿಟ್ಟು ಹೊಡೆದ. ಹಳದಿ ಚೆಂಡು ಪಾಕೆಟ್ಟಿನ ನಟ್ಟನಡುವೆ ಬಿತ್ತು.

ಹಾಲಿನಲ್ಲಿ ಕೇಕೆ ಎದ್ದಿತು. "ಕೊನೇದಾದ್ರೂ ಬಿತ್ತಲ್ಲ, ಬಿಡಿ!" ಎಂದು ಯಾರೋ ಬೆನ್ನು ತಟ್ಟಿದರು. ಸರ್ವೇಯರ್ ಮಾತ್ರ ಹಳದಿ ಚೆಂಡು ಇದ್ದ ಕಾಗದದ ಬಳೆಯನ್ನೇ ನೋಡುತ್ತಿದ್ದ. ಆಮೇಲೆ ಟೇಬಲ್ ಸುತ್ತಿ ಬಂದು ಭಾವನ ಮೊಣಕೈ ಹಿಡಿದ. "ಸ್ವಲ್ಪ ಹೊರಗೆ ಬನ್ನಿ."

ಹಾಲಿನ ಹಿಂದುಗಡೆ, ಮುರಿದ ಕುರ್ಚಿಗಳನ್ನು ಪೇರಿಸಿಟ್ಟ ಸಣ್ಣ ಅಂಗಳವಿತ್ತು. ಬಿಸಿಲು ಗೋಡೆಯ ಅರ್ಧಕ್ಕೆ ಇಳಿದಿತ್ತು.

"ಕೊನೇ ಹೊಡೆತಕ್ಕೆ ನೀವು ಬೇಕಂತಲೇ ತಪ್ಪು ಜಾಗಕ್ಕೆ ಗುರಿಯಿಟ್ರಿ," ಎಂದ ಸರ್ವೇಯರ್.

"ಬಿತ್ತಲ್ಲ? ಮತ್ತೇನು?"

"ಅದಕ್ಕೇ ಕೇಳ್ತಿರೋದು. ಕೈ ತಪ್ಪಿದ್ರೆ ಒಂದು ಸಲ ಎಡಕ್ಕೆ ಹೋಗುತ್ತೆ, ಒಂದು ಸಲ ಬಲಕ್ಕೆ ಹೋಗುತ್ತೆ. ನನ್ನದು ಹಾಗೇ ಹೋಯ್ತು. ನಿಮ್ಮದು ಒಂಬತ್ತಕ್ಕೆ ಒಂಬತ್ತೂ ಒಂದೇ ಕಡೆ. ನಮ್ಮ ಕೆಲಸದಲ್ಲಿ ಹೀಗಾದ್ರೆ ನಾವು ಕೈಯನ್ನ ಬೈಯಲ್ಲ ಭಾವ. ಅಳೆಯೋ ದುರ್ಬೀನು ಬಿಚ್ಚಿ ನೋಡ್ತೀವಿ." ಅವನ ದನಿ ತಗ್ಗಿತು. "ನೀವು ಯಾವಾಗ್ಲೂ ಕ್ಯೂನ ಎಡಗಣ್ಣಿನ ಕೆಳಗೆ ಹಿಡಿಯೋರು. ಇವತ್ತೂ ಅಲ್ಲೇ ಹಿಡಿದ್ರಿ. ಆದ್ರೆ ತಲೆ ಓರೆ ಮಾಡಿ ಬಲಗಣ್ಣಲ್ಲಿ ನೋಡ್ತಿದ್ರಿ. ಬಲಗಣ್ಣು ಮುಚ್ಚಿ, ನನ್ನ ಮುಖ ನೋಡಿ."

"ನಾನೇನು ಚಿಕ್ಕ ಮಗುವಾ ಕಣ್ಣಾಮುಚ್ಚಾಲೆ ಆಡೋಕೆ?"

"ಮುಚ್ಚಿ ಭಾವ."

ಗುರಿಕಾರ ಮುಚ್ಚಿದ. ಎದುರಿಗೆ ಭಾಮೈದನ ಅಂಗಿ ಇತ್ತು, ಕಿವಿಗಳಿದ್ದವು, ಅವುಗಳ ನಡುವೆ ಮುಖವಿರಬೇಕಾದಲ್ಲಿ ಬೂದಿ ಬಣ್ಣ.

"ನಾನು ನಗ್ತಿದೀನಾ, ಅಳ್ತಿದೀನಾ?"

ಗುರಿಕಾರ ಕಣ್ಣು ತೆರೆದ. ಭಾಮೈದ ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ, ಬಿಳಿಚಿಕೊಂಡಿದ್ದ.

"ನಾಳೆಯಿಂದ ಬೆಟ್ಟದ ದಾರಿ ನಿಮಗೆ," ಎಂದ.

ಹೌದು, ನಾಳೆಯಿಂದ. ಹತ್ತೊಂಬತ್ತು ವರ್ಷದ ಹಿರಿತನಕ್ಕೆ ಡಿಪೋ ಕೊಟ್ಟ ದಾರಿ. ಬೆಟ್ಟದ ಮೇಲಿನ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವನ ಹೆಂಡತಿಗೆ ಕೆಲಸ. "ಇನ್ಮೇಲೆ ನಮ್ಮನೆಯವರ ಬಸ್ಸಲ್ಲೇ ಬರೋದು" ಎಂದು ಅವಳು ವಾರದಿಂದ ಜೊತೆಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

"ಹತ್ತೊಂಬತ್ತು ವರ್ಷದಲ್ಲಿ ಒಂದು ಕೋಳಿನೂ ಸಾಯಿಸಿಲ್ಲ ನಾನು," ಎಂದ ಗುರಿಕಾರ. "ಒಂದೇ ಕಣ್ಣಲ್ಲಿ ಜಗತ್ತು ನೋಡೋರು ಎಷ್ಟು ಜನ ಇಲ್ಲ?"

"ಇದಾರೆ. ಬಸ್ ಓಡಿಸಲ್ಲ ಅವರು."

"ಲೆಕ್ಕ ಹಿಡ್ಕೊಂಡು ಬಂದಿದಾನೆ, ಲೆಕ್ಕ! ನಿನ್ನ ಪುಸ್ತಕದಲ್ಲಿ ನಾಲ್ಕು ಗೆರೆ ಬಿದ್ದ ತಕ್ಷಣ ನನ್ನ ಅನ್ನ ಕಿತ್ಕೊಳ್ಳೋಕೆ ನೀನ್ಯಾರೋ?"

"ನೀವು ಹೇಳ್ತೀರೋ, ನಾನು ಹೇಳ್ಲೋ?"

"ಹೇಳಿ ನೋಡು. ಆಮೇಲೆ ನನ್ನ ಮನೆ ಮೆಟ್ಟಿಲು ಹತ್ತಬೇಡ."

"ಹತ್ತಲ್ಲ," ಎಂದ ಸರ್ವೇಯರ್. "ಆದ್ರೆ ಹೇಳ್ತೀನಿ. ಅಕ್ಕ ಕೂರೋ ಬಸ್ಸದು."

ಗುರಿಕಾರನ ಕೈ ಮೇಲೆದ್ದಿತು. ಏಕೆ ಎದ್ದಿತೆಂದು ಅವನಿಗೇ ತಿಳಿಯಲಿಲ್ಲ. ಭಾಮೈದ ಹಿಂದೆ ಸರಿಯಲಿಲ್ಲ. ಕಣ್ಣು ಮಾತ್ರ ಒಮ್ಮೆ ಪಟ್ಟನೆ ಮುಚ್ಚಿ ತೆರೆದ. ಎತ್ತಿದ ಕೈ ಪೇರಿಸಿಟ್ಟ ಕುರ್ಚಿಯೊಂದರ ಬೆನ್ನು ಹಿಡಿದುಕೊಂಡಿತು. ಕುರ್ಚಿಗಳು ಅಲುಗಾಡಿದವು.

ಒಳಗೆ ಯಾರೋ ಹೊಸ ಆಟ ಶುರು ಮಾಡಿದ್ದರು. ಚೆಂಡುಗಳು ಒಮ್ಮೆಲೇ ಚೆದುರಿದ ಸದ್ದು ಬಂತು.

"ಗುರುವಾರ," ಎಂದ ಗುರಿಕಾರ ಕೊನೆಗೆ, "ಮಾರ್ಕೆಟ್ ಸ್ಟಾಪಲ್ಲಿ ಒಂದು ಹೆಣ್ಣುಮಗು. ಅಮ್ಮನ ಕೈ ಬಿಡಿಸ್ಕೊಂಡು ಮುಂದೆ ಬಂತು. ಬ್ರೇಕ್ ಹಾಕಿದೆ. ಇನ್ನೂ ನಾಲ್ಕು ಮಾರು ದೂರ ಇದಾಳೆ ಅಂತಲೇ ಅಂದ್ಕೊಂಡಿದ್ದೆ ಕಣೋ. ಬಸ್ ನಿಂತಾಗ ಅವಳ ಎರಡೂ ಅಂಗೈ ಬಸ್ಸಿನ ಮುಖದ ಮೇಲಿತ್ತು. ಗೋಡೆ ಮುಟ್ಟಿದ ಹಾಗೆ ಮುಟ್ಕೊಂಡು ನಿಂತಿದ್ಲು. ನನ್ನ ನೋಡಿ ನಕ್ಕಳು."

ಸರ್ವೇಯರ್ ಕೆಳಗೆ ಕುಕ್ಕರಿಸಿದ.

"ಅವಳಮ್ಮ ಥ್ಯಾಂಕ್ಸ್ ಹೇಳಿದ್ಲು. ಎಷ್ಟು ಸರಿಯಾಗಿ ನಿಲ್ಲಿಸಿದ್ರಿ ಅಂತ."

ಹೇಳಿ ಮುಗಿಸಿದ ಮೇಲೆ ಗುರಿಕಾರನೂ ಭಾಮೈದನ ಪಕ್ಕ, ಗೋಡೆಗೆ ಒರಗಿ ಕೂತ. ಮೂರು ದಿನದಿಂದ ಆ ಎರಡು ಪುಟ್ಟ ಅಂಗೈಗಳು ಅವನ ನಿದ್ದೆಯ ಬಾಗಿಲು ತಟ್ಟುತ್ತಿದ್ದವು. ಅದನ್ನು ಯಾರಿಗಾದರೂ ಹೇಳಬೇಕಿತ್ತು. ಈ ಲೆಕ್ಕದ ಹುಳುವಿಗೆ ಹೇಳುತ್ತೇನೆಂದು ಮಾತ್ರ ಕನಸಿನಲ್ಲೂ ಎಣಿಸಿರಲಿಲ್ಲ.

"ಒಂದು ನಿಜ ಹೇಳ್ಲಾ ಭಾವ?" ಎಂದ ಸರ್ವೇಯರ್, ನೆಲದ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ. "ಹೊಡೆಯೋವಾಗ ನಾನೂ ಲೆಕ್ಕ ನೋಡಲ್ಲ. ಅಷ್ಟು ಹೊತ್ತು ಎಲ್ಲಿರುತ್ತೆ? ನೀವು ಹೇಳೋ ಹಾಗೇ, ಕಣ್ಣು ನೋಡುತ್ತೆ, ಕೈ ಹೊಡೆಯುತ್ತೆ. ತಪ್ಪಿದಾಗ ಯಾಕೆ ತಪ್ಪಿತು ಅಂತ ಗೊತ್ತಾಗೋಕೆ ಮಾತ್ರ ಲೆಕ್ಕ ಬೇಕು."

"ಇದನ್ನ ಹೋದ ವಾರ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಹೋದ ವಾರ ನೀವು ಎಲ್ಲರ ಮುಂದೆ ನನ್ನ ಮಾನ ಕಳೀತಿದ್ರಿ."

ಗುರಿಕಾರನಿಗೆ ನಗು ಬಂತು. "ನಿನ್ನಕ್ಕನಿಗೆ ನಾನೇ ಹೇಳ್ತೀನಿ," ಎಂದ. "ನೀನು ಬಾಯಿ ಹಾಕಬೇಡ."

ಅವನು ಮನೆಗೆ ಬಂದಾಗ ಹೆಂಡತಿ ನಾಳೆಯ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಕಾಲರಿನ ಮೂಲೆಗೆ ನೀರು ಚಿಮುಕಿಸಿ, ಬೆರಳಿನಿಂದ ಎಳೆದು, ಒತ್ತಿ ಹಿಡಿದಿದ್ದಳು. ಹೊಸ ದಾರಿಯ ಮೊದಲ ದಿನವೆಂದು ಆ ಮುತುವರ್ಜಿ. ಅವನು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿಬಿಟ್ಟ. ಕಣ್ಣಿನದು, ಬಾಯಿಪಾಠದ್ದು, ಮಗುವಿನದು, ಎಲ್ಲವನ್ನೂ. ನಡುವೆ ನಿಲ್ಲಿಸಿದರೆ ಮತ್ತೆ ಹೇಳಲಾಗುವುದಿಲ್ಲವೆಂದು ಒಂದೇ ಉಸಿರಿಗೆ ಹೇಳಿದ.

ಅವಳು ಇಸ್ತ್ರಿಪೆಟ್ಟಿಗೆಯ ವೈರು ಕಿತ್ತಳು. "ಎಷ್ಟು ದಿನದಿಂದ?"

"ನಾಲ್ಕು ತಿಂಗಳು."

"ನಾಲ್ಕು ತಿಂಗಳೂ ದಿನಾ ನಿಮ್ಮ ಎದುರಿಗೇ ಕೂತು ಊಟ ಮಾಡಿದೀನಿ," ಎಂದಳು. ಸಿಟ್ಟಿಗಿಂತ ಹೆಚ್ಚಿನದೇನೋ ಆ ದನಿಯಲ್ಲಿತ್ತು. "ನನ್ನ ಮುಖ ಕಾಣ್ತಿತ್ತಾ ನಿಮಗೆ?"

"ಬಲಗಣ್ಣಲ್ಲಿ ಕಾಣ್ತಿತ್ತು."

ಅವಳು ಅವನನ್ನೇ ದಿಟ್ಟಿಸಿದಳು. ಆಮೇಲೆ ಅರ್ಧ ಇಸ್ತ್ರಿಯಾದ ಅಂಗಿಯನ್ನು ಎತ್ತಿ, ಮಡಿಸದೆ, ಹಾಗೇ ಎದೆಗೊತ್ತಿಕೊಂಡು ಒಳಗೆ ಹೋದಳು.

ಬೆಳಗ್ಗೆ ಅವನು ಡಿಪೋಗೆ ಹೋದಾಗ ಮ್ಯಾನೇಜರ್ ಇನ್ನೂ ಮೊದಲ ಟೀ ಕುಡಿಯುತ್ತಿದ್ದರು. ಮೊದಲು ನಂಬಲಿಲ್ಲ, ಬೆಟ್ಟದ ದಾರಿಗೆ ಹೆದರಿದ್ದಾನೆಂದುಕೊಂಡರು. ಅಕ್ಷರ ಬಾಯಿಪಾಠ ಮಾಡಿದ್ದನ್ನು ಹೇಳಿದಾಗ ಲೋಟ ಕೆಳಗಿಟ್ಟರು. "ಇದನ್ನ ಬರೆದು ಕೊಡ್ತೀಯಾ?" ಎಂದು ಕೇಳಿದರು. ಬರೆದುಕೊಟ್ಟ. ಸಹಿ ಹಾಕಿದ. ಮ್ಯಾನೇಜರ್ ಆಸ್ಪತ್ರೆಗೆ ಚೀಟಿ ಕೊಟ್ಟು, "ಈಗಲೇ ಹೋಗು, ಆರೂವರೆಯ ಬಸ್ಸಲ್ಲಿ" ಎಂದರು. ಆರೂವರೆಯದೇ ಬೆಟ್ಟದ ಬಸ್ಸು.

ಅವನ ಸೀಟಿನಲ್ಲಿ ಬೇರೊಬ್ಬ ಡ್ರೈವರ್ ಕೂತಿದ್ದ; ಐದು ವರ್ಷ ಕಿರಿಯ. ಅವನನ್ನು ಕಂಡು ಎದ್ದು ನಿಲ್ಲಲು ಹೋದ. ಗುರಿಕಾರ ಕೈಸನ್ನೆಯಲ್ಲೇ ಕೂರಿಸಿದ. ಮೂರನೆಯ ಸಾಲಿನಲ್ಲಿ ಹೆಂಡತಿ ಕಿಟಕಿಯ ಪಕ್ಕ ಕೂತಿದ್ದಳು. ಅವನನ್ನು ನೋಡಿದಳು. ಸ್ವಲ್ಪ ಸರಿದು ಜಾಗ ಬಿಟ್ಟಳು.

ಪೇಟೆ ಮುಗಿದು ಏರು ಶುರುವಾಯಿತು. ಮೊದಲ ತಿರುವು ಬಂತು, ಎಡಕ್ಕೆ ಆಳದ ಕಣಿವೆ. ಕಿರಿಯ ಡ್ರೈವರ್ ಚೆನ್ನಾಗಿಯೇ ಓಡಿಸುತ್ತಿದ್ದ, ಕೊಂಚ ಜೋರಾಗಿ. ಎರಡನೆಯ ತಿರುವಿನಲ್ಲಿ ಎದುರಿನಿಂದ ಲಾರಿ ಬಂದಾಗ ಗುರಿಕಾರನ ಬಲಗಾಲು ತನ್ನಷ್ಟಕ್ಕೆ ಮುಂದೆ ಚಾಚಿ, ಬ್ರೇಕ್ ಹಾಕುವ ಹಾಗೆ, ಬಸ್ಸಿನ ನೆಲವನ್ನು ಬಲವಾಗಿ ಒತ್ತಿತು. ಮೂರನೆಯದರಲ್ಲೂ ಒತ್ತಿತು.

ಹೆಂಡತಿ ಬಗ್ಗಿ, ಅವನ ಪಾದಕ್ಕೆ ಅಡ್ಡವಾಗಿದ್ದ ತನ್ನ ಊಟದ ಚೀಲವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು, ಕಿಟಕಿಯ ಆಚೆ ನೋಡತೊಡಗಿದಳು.