ಅಜ್ಜಿಗೆ ನಾಲ್ಕು ವರ್ಷ

ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವವಳ ಮಗಳಿಗೆ ನಾಲ್ಕು ವರ್ಷ. ಮಾತು ಮಾತ್ರ ಎಂಬತ್ತರದು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಅಜ್ಜಿ. ನೆಲಕ್ಕೆ ಚೆಲ್ಲಿದ ಗುಂಡಿಗಳನ್ನು ಬೆರಳಲ್ಲೇ ತಡವಿ ಆರಿಸಿಕೊಡುತ್ತಿದ್ದಳು. ಎಷ್ಟು ಚೂಟಿ ಎಂದು ತಾಯಿ ಬೀಗಿದ್ದೇ ಬೀಗಿದ್ದು. ಕಣ್ಣಪಾಪೆಯಲ್ಲಿ ಬಿಳಿ ಕಂಡು ಆಸ್ಪತ್ರೆಗೆ ಹೊತ್ತುತಂದ ಮೇಲೆಯೇ ತಿಳಿದದ್ದು, ಮಗು ತಡವುತ್ತಿದ್ದದ್ದು ಕಾಣದೆ ಎಂದು.

"ಪೊರೆ," ಅಂದರು ಡಾಕ್ಟರಮ್ಮ.

"ಅಯ್ಯೋ, ಅದು ಮುದುಕರಿಗೆ ಬರೋದಲ್ವಾ ಮೇಡಂ?"

"ಮಕ್ಕಳಿಗೂ ಬರುತ್ತಮ್ಮ, ಹುಟ್ತಾನೇ ಇರಬಹುದು. ನಿನ್ನ ತಪ್ಪೇನಿಲ್ಲ. ಆಪರೇಷನ್ ಮಾಡಿ ಕನ್ನಡಕ ಹಾಕೋಣ. ತಡ ಮಾತ್ರ ಮಾಡ್ಬೇಡ. ಈ ವಯಸ್ಸಲ್ಲಿ ಬಿಟ್ರೆ ಕಣ್ಣು ನೋಡೋದನ್ನೇ ಕಲಿಯಲ್ಲ."

ಆಪರೇಷನ್ನಿಗೆ ಗುಮಾಸ್ತನ ಸೀಲು ಬೇಕು. ಅವನೆದುರು ಬೆಂಚಿನ ತುಂಬ ಪೊರೆ ಬಂದ ಮುದುಕರು. ಮಗಳ ಕೈಹಿಡಿದು ತಾಯಿ ಬರುತ್ತಿರುವುದು ಮೂರನೇ ಸಲ.

"ಪೊರೆ ಫಾರಂ ಅರವತ್ತು ದಾಟಿದವರಿಗೆ. ಎಷ್ಟು ಸಲ ಬಡ್ಕೊಳ್ಳಲಿ?"

"ಡಾಕ್ಟರು ಬರೆದುಕೊಟ್ಟಿದಾರಲ್ಲ ಸಾರ್."

"ಡಾಕ್ಟರು ಕಣ್ಣು ನೋಡ್ತಾರೆ. ನಾನು ಫಾರಂ ನೋಡ್ತೀನಿ."

ಆಹಾ, ಎಂಥ ಹಂಚಿಕೆ!

"ಹಾಗಾದ್ರೆ ಅರವತ್ತಾಗೋ ತನಕ ಇಲ್ಲೇ ಕೂತಿರ್ತೀನಿ," ಎಂದು ಅಜ್ಜಿ ನೆಲಕ್ಕೆ ಕೂತೇಬಿಟ್ಟಳು. "ಊಟ ನೀವೇ ಕೊಡ್ಬೇಕು."

ಬೆಂಚು ಗೊಳ್ಳೆಂದಿತು. ಗುಮಾಸ್ತ ಮುಖ ಸಿಂಡರಿಸಿಕೊಂಡು ಕೂಗಿದ: "ಮುಂದಿನವರು!"

ಯಾರೂ ಏಳಲಿಲ್ಲ.

"ಏನ್ರೀ, ಕಿವೀನೂ ಹೋಯ್ತಾ?"

"ಕಿವಿ ಚೆನ್ನಾಗಿದೆ ಕಣಪ್ಪ," ಅಂದ ಊರುಗೋಲಿನ ಮುದುಕ. "ನಾವು ನೋಡೋದೆಲ್ಲ ನೋಡಿ ಆಯ್ತು. ಅದಿನ್ನೂ ಅಮ್ಮನ ಮುಖಾನೇ ನೆಟ್ಟಗೆ ನೋಡಿಲ್ಲ. ಮೊದಲು ಅಜ್ಜಿ."

"ಮೊದಲು ಅಜ್ಜಿ!" ಅಂದಿತು ಬೆಂಚು.

ಗುಮಾಸ್ತ ಬೆವರೊರೆಸಿಕೊಂಡು ದನಿ ತಗ್ಗಿಸಿದ. "ಆಯ್ತು ತಾಯಿ. ಹೆಸರು ಅಜ್ಜಿ, ವಯಸ್ಸು ಅರವತ್ನಾಲ್ಕು ಅಂತ ಬರೆದುಬಿಡ್ತೀನಿ. ತಗೊಂಡು ಹೋಗು."

ತಾಯಿ ಫಾರಮ್ಮಿಗೆ ಕೈ ಚಾಚಿದಳು. ಹೂಂ ಅಂದರೆ ಮುಗಿಯಿತು. ಅಷ್ಟರಲ್ಲಿ ಬಾಗಿಲ ಬಳಿ ನಿಂತವಳೊಬ್ಬಳು ಕಂಡಳು. ಅವಳ ಸೊಂಟದ ಮೇಲೆ ಹಸುಗೂಸು, ಕೂಸಿನ ಕಣ್ಣಲ್ಲಿ ಅದೇ ಬಿಳಿ.

"ನಾಲ್ಕು ಅಂತಲೇ ಬರೀರಿ ಸಾರ್," ಎಂದು ತಾಯಿ ಮಗಳ ಪಕ್ಕ ನೆಲಕ್ಕೆ ಕೂತಳು. "ಸುಳ್ಳು ಎಷ್ಟು ಜನಕ್ಕೆ ಬರೀತೀರಾ? ಬಾಗಿಲ ಹತ್ರ ನೋಡಿ, ಆ ಅಜ್ಜಿಗಿನ್ನೂ ಹಲ್ಲೇ ಹುಟ್ಟಿಲ್ಲ."

ಕೋಲು ಊರಿಕೊಂಡು, ಸೊಂಟ ಹಿಡಿದುಕೊಂಡು, ಬೆಂಚಿಗೆ ಬೆಂಚೇ ನೆಲಕ್ಕಿಳಿಯಿತು.