ಚಿನ್ನದ ಸೀಟಿಯ ಮೇಲಿನ ಎರಡಕ್ಷರ

ಊದುವುದಕ್ಕಲ್ಲದ ಸೀಟಿಗಾಗಿ ಪ್ರಾಣ ಬಿಡುವ ಜನರನ್ನು ಗರಬೇದ್ ಬಹಳ ವರ್ಷಗಳಿಂದ ನೋಡುತ್ತ ಬಂದಿದ್ದ. ಅವರ ಮೇಲಿನ ತಾತ್ಸಾರ ವಯಸ್ಸಾದಂತೆ ಅವನಲ್ಲಿ ಕಡಿಮೆಯಾಗಿರಲಿಲ್ಲ, ಇನ್ನಷ್ಟು ಬಲಿತಿತ್ತು. ಒಂದು ಕಾಲಕ್ಕೆ ಐದನೇ ಅವೆನ್ಯೂವಿನ ಹಾಲ್‌ಸ್ಟೆಡ್ ಪೆಲ್ ಎಂಬ ಒಡವೆ ಮಳಿಗೆ ಚಿನ್ನದ, ಬೆಳ್ಳಿಯ ಸೀಟಿಗಳನ್ನು ಮಾಡಿ ಮಾರುತ್ತಿತ್ತು. ಟ್ಯಾಕ್ಸಿ ಕರೆಯಲು ಬೇಕಾಗುತ್ತದೆ ಎಂದು ಸಾಹುಕಾರರು ಹೆಂಡತಿಯರಿಗೆ ಕೊಂಡು ಕೊಟ್ಟರು. ಆ ಹೆಂಡತಿಯರೋ, ಅದನ್ನು ಸರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು ಮೆರೆದರು. ಟ್ಯಾಕ್ಸಿ ಕರೆದವನು ಮಾತ್ರ ಬಾಗಿಲು ಕಾಯುವವನು, ತನ್ನ ತಗಡಿನ ಸೀಟಿ ಊದಿ. ಈಗ ಅವರಲ್ಲಿ ಮುಕ್ಕಾಲು ಜನ ಸತ್ತಿದ್ದಾರೆ. ಸೀಟಿಗಳು ಸಂಗ್ರಾಹಕರ ಮಖಮಲ್ಲಿನ ಪೆಟ್ಟಿಗೆ ಸೇರಿವೆ. ಎಂಜಲು ತಾಗಿದರೆ ಹೊಳಪು ಹೋಗುತ್ತದಂತೆ, ಅದಕ್ಕೆ ಈಗಲೂ ಯಾರೂ ಊದುವ ಹಾಗಿಲ್ಲ.

ಆ ಸೀಟಿಗಳ ಮೇಲೆ ಹೆಸರಿನ ಅಕ್ಷರ ಕೊರೆದವನು ಗರಬೇದ್. ಬೈರೂತಿನಿಂದ ಬಂದ ಆರ್ಮೇನಿಯನ್. ಮೂವತ್ತೊಂದು ವರ್ಷ ಮಳಿಗೆಯ ಮೂರನೇ ಮಹಡಿಯಲ್ಲಿ ಬೆನ್ನು ಬಾಗಿಸಿ ಕೂತ. ಒಡವೆಯ ಮೇಲೆ ಮಳಿಗೆಯ ಮುದ್ರೆ ಬೀಳುತ್ತಿತ್ತು, ಕೊಂಡವರ ಅಕ್ಷರ ಬೀಳುತ್ತಿತ್ತು. ಕೊರೆದವನ ಹೆಸರು ಎಲ್ಲೂ ಇಲ್ಲ. ಅದನ್ನು ಹೊರಗೆ ಹೇಳಕೂಡದೆಂದು ಮಳಿಗೆಯ ಕಟ್ಟಪ್ಪಣೆಯೇ ಇತ್ತು. ಕೊನೆಗೆ ಅಕ್ಷರ ಕೊರೆಯುವ ಯಂತ್ರ ಬಂತು, ಇವನ ಕೈಗೊಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಆ ಉರಿ ಅವನ ಹೊಟ್ಟೆಯಲ್ಲಿ ಇನ್ನೂ ಆರಿರಲಿಲ್ಲ.

ಎಪ್ಪತ್ತೆಂಟರ ವಯಸ್ಸಿನಲ್ಲಿ ಅವನು ನಲವತ್ತೇಳನೇ ಬೀದಿಯ ಒಂದು ಕಟ್ಟಡದಲ್ಲಿ ಮೇಜು ಬಾಡಿಗೆ ಹಿಡಿದು ಕೆಲಸ ಮಾಡುತ್ತಿದ್ದ. ಕೆಲಸವೆಂದರೆ ಹೆಚ್ಚಾಗಿ ಅಕ್ಷರ ಅಳಿಸುವುದು. ಸಂಗ್ರಾಹಕರಿಗೆ ಮಳಿಗೆಯ ಮುದ್ರೆ ಬೇಕು, ಯಾರೋ ಸತ್ತವಳ ಹೆಸರು ಬೇಡ. ತಾನು ಕೊರೆದದ್ದನ್ನು ತಾನೇ ಉಜ್ಜಿ ತೆಗೆಯುವ ಭಾಗ್ಯ ಅವನ ಹಣೆಯಲ್ಲಿ ಬರೆದಿತ್ತು.

ಜನವರಿಯ ಒಂದು ಬೆಳಿಗ್ಗೆ ಕಾರ್ನೀಲಿಯಾ ಟ್ರೆಡ್‌ವೆಲ್ ಏದುಸಿರು ಬಿಡುತ್ತ ಬಂದಳು. ಅರವತ್ತೊಂದು ಸೀಟಿಗಳ ಒಡತಿ, ಸೀಟಿ ಸಂಗ್ರಾಹಕರ ಕ್ಲಬ್ಬಿನ ಅಧ್ಯಕ್ಷೆ. ಅವನ ಹೆಸರಿಗೆ ನಾಲಿಗೆ ಹೊರಳುವುದಿಲ್ಲವೆಂದು ಮೊದಲ ದಿನವೇ ಗ್ಯಾರಿ ಎಂದು ನಾಮಕರಣ ಮಾಡಿದ್ದಳು.

"ಗ್ಯಾರಿ, ಅನಾಹುತ ಆಗಿಹೋಯ್ತು! ಹೋದ ವರ್ಷ ಒಂದು ಚಿನ್ನದ ಸೀಟಿ ಕೊಟ್ಟಿದ್ದೆ, ಆರ್. ವಿ. ಅಂತ ಇತ್ತು, ನೀನು ಅಳಿಸಿದೆ."

"ನೀವು ಅಳಿಸು ಅಂದ್ರಿ, ಅಳಿಸಿದೆ ಮೇಡಂ."

"ಅದು ರೆಜೀನಾ ವಾಸ್‌ಬರ್ಗ್ ಸೀಟಿ ಕಣಪ್ಪ! ನಾಟಕದ ರಾಣಿ! ಹಳೇ ಪತ್ರಿಕೇಲಿ ಫೋಟೋ ಸಿಕ್ಕಿದೆ, ಕೊರಳಲ್ಲಿ ಅದೇ ಸೀಟಿ. ಏಪ್ರಿಲ್‌ನಲ್ಲಿ ನಮ್ಮ ಪ್ರದರ್ಶನ ಇದೆ. ಅಕ್ಷರ ಇದ್ದಿದ್ರೆ ಅದು ರೆಜೀನಾ ಸೀಟಿ. ಈಗ ಬರೀ ಸೀಟಿ."

"ಯಾರದೋ ಹೆಸರು ನನಗ್ಯಾಕೆ ಅಂದಿದ್ರಲ್ಲ?"

"ಯಾರದೋ ಅಂದಿದ್ದೆ. ಇವಳದು ಅಂತ ನನಗೇನು ಕನಸು ಬಿದ್ದಿತ್ತಾ?"

ಅಂದು ಅಳಿಸುವ ಮೊದಲು ಗರಬೇದ್, ಇದನ್ನು ಕೊರೆದವನು ನಾನೇ ಎಂದು ಹೇಳಿದ್ದ. ಹೌದಾ, ಹಾಗಾದರೆ ನಿನಗೆ ಸುಲಭವಾಯಿತು ಎಂದಿದ್ದಳು ಈ ಮಹಾತಾಯಿ. ಈಗ ಅವನ ಆ ಮಾತೇ ಅವಳ ನೆನಪಿಗೆ ಬಂದಿತ್ತು.

"ಮತ್ತೆ ಕೊರೆದುಬಿಡು. ಹೆಂಗಿತ್ತೋ ಹಂಗೇ."

"ಅದು ಮೋಸ ಆಗುತ್ತೆ ಮೇಡಂ."

"ಮೋಸ ಹೇಗಾಗುತ್ತೆ? ಆಗ ಕೊರೆದೋನೂ ನೀನೇ, ಈಗ ಕೊರೆಯೋನೂ ನೀನೇ. ಮಧ್ಯೆ ಒಂಚೂರು ಬಿಡುವು ಆಯ್ತು, ಅಷ್ಟೇ."

ಗರಬೇದ್‌ಗೆ ನಗು ತಡೆಯಲಾಗಲಿಲ್ಲ. ಅವಳು ಮಾತ್ರ ನಗಲಿಲ್ಲ. ಕುರ್ಚಿ ಹತ್ತಿರಕ್ಕೆಳೆದುಕೊಂಡು ದನಿ ತಗ್ಗಿಸಿದಳು. ಪ್ರದರ್ಶನಕ್ಕೆ ಪುಸ್ತಕ ಅಚ್ಚಾಗುತ್ತದೆ. ಆ ಸೀಟಿಯ ಚಿತ್ರದ ಕೆಳಗೆ ಅಕ್ಷರ ಕೊರೆದವನ ಹೆಸರು ಹಾಕಿಸುತ್ತಾಳೆ, ಪೂರ್ತಿ ಹೆಸರು. ಅವನು ಮಾಡಬೇಕಾದ್ದು ಇಷ್ಟೇ: ಈ ಅಕ್ಷರಗಳನ್ನು ಸಾವಿರದ ಒಂಬೈನೂರ ಎಪ್ಪತ್ತೊಂದರ ಡಿಸೆಂಬರಿನಲ್ಲಿ ನಾನು ಕೊರೆದೆ ಎಂದು ಒಂದು ಕಾಗದಕ್ಕೆ ಸಹಿ ಹಾಕಬೇಕು.

"ಗರಬೇದ್ ತಾಶ್‌ಜಿಯಾನ್ ಅಂತ ಹಾಕ್ಬೇಕು. ಗ್ಯಾರಿ ಅಲ್ಲ," ಎಂದ. ಹೇಳಿದ ಮೇಲೆಯೇ ತಾನು ಒಪ್ಪಿಬಿಟ್ಟಿದ್ದೇನೆಂದು ಅವನಿಗೆ ಗೊತ್ತಾದದ್ದು.

ಸನ್ನಿಸೈಡಿನ ಮನೆಯಲ್ಲಿ ಹೆಂಡತಿ ಶೂಶನ್ ಕಾಫಿ ಬಗ್ಗಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಆ ಹೆಂಗಸಿಗೆ ಸುಳ್ಳು ಬರೆದುಕೊಡ್ತೀಯಾ?"

"ಸುಳ್ಳಲ್ಲ. ಕೊರೆದೋನು ನಾನೇ ತಾನೇ?"

"ಅಳಿಸಿದೋನು ಯಾರು? ಪಕ್ಕದ ಮನೆ ಬೆಕ್ಕಾ?"

"ನಿನಗೆ ಅರ್ಥ ಆಗಲ್ಲ ಬಿಡು. ಮೂವತ್ತೊಂದು ವರ್ಷ! ಒಂದು ಕಡೆಯಾದ್ರೂ ನನ್ನ ಹೆಸರಿದೆಯಾ?"

"ಹೆಸರು ಬೇಕು ಅಂತ ಕಳ್ಳರ ಪಟ್ಟೀಲಿ ಬರೆಸ್ಕೊಳ್ತೀಯಾ?"

"ಯಾರು ನೋಡ್ತಾರೆ? ಆ ಜನಕ್ಕೆ ಮುದ್ರೆ ಬಿಟ್ರೆ ಬೇರೇನೂ ಕಾಣಲ್ಲ. ಅಕ್ಷರ ತಲೆಕೆಳಗಾಗಿದ್ರೂ ಆಹಾ ಅಂತಾರೆ."

ಮರುದಿನ ಅವನು ಮೇಜಿನ ಖಾನೆಯಿಂದ ಹಳೆಯ ಪುಸ್ತಕ ತೆಗೆದ. ಕೊರೆದ ಪ್ರತಿ ಅಕ್ಷರಕ್ಕೂ ಮಸಿ ಹಿಡಿಸಿ ತೆಳುಕಾಗದಕ್ಕೆ ಅಚ್ಚು ತೆಗೆಯುವುದು ಮಳಿಗೆಯ ಪದ್ಧತಿಯಾಗಿತ್ತು. ಒಂದು ಅಚ್ಚು ಮಳಿಗೆಯ ಪುಸ್ತಕಕ್ಕೆ ಹೋಗುತ್ತಿತ್ತು. ಇನ್ನೊಂದನ್ನು ಗರಬೇದ್ ಯಾರಿಗೂ ಹೇಳದೆ ತನ್ನ ಜೇಬಿಗೆ ಸೇರಿಸಿ, ಆಮೇಲೆ ಈ ಪುಸ್ತಕಕ್ಕೆ ಅಂಟಿಸುತ್ತಿದ್ದ. ಆರ್. ವಿ. ಸಿಕ್ಕಿತು. ನೋಡಿದ ಕೂಡಲೇ ಅವನ ಮುಖ ಹುಳ್ಳಗಾಯಿತು. ಆರ್ ಅಕ್ಷರದ ಬಲಗಾಲು ಕೊನೆಯಲ್ಲಿ ಕೂದಲೆಳೆಯಷ್ಟು ಹೊರಗೆ ಜಾರಿತ್ತು. ಅದು ಕ್ರಿಸ್‌ಮಸ್ ಹಿಂದಿನ ದಿನದ ಕೆಲಸ; ಕೆಳಗೆ ಗಿರಾಕಿ ಕಾಯುತ್ತಿದ್ದ, ಮೇಸ್ತ್ರಿ ಹೆಗಲ ಮೇಲೆಯೇ ನಿಂತು ಬೇಗ ಬೇಗ ಎನ್ನುತ್ತಿದ್ದ. ಇಪ್ಪತ್ತಾರರ ಹುಡುಗನ ಕೈ ಜಾರಿತ್ತು.

ಹಳೆಯದೆಂದು ನಂಬಿಸಬೇಕಾದರೆ ಆ ಜಾರಿದ ಕಾಲನ್ನೂ ಹಾಗೆಯೇ ಕೊರೆಯಬೇಕು. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸೀಟಿಯನ್ನು ಅಲುಗಾಡದಂತೆ ಅರಗಿನಲ್ಲಿ ಕೂರಿಸಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಉಳಿ ಹಿಡಿದ. ಎರಡು ಸಲ ಜಾರಿಸಲು ಹೋಗಿ ಎರಡು ಸಲವೂ ಕೈ ಎತ್ತಿದ. ಜೀವಮಾನಕ್ಕೊಮ್ಮೆ ತನ್ನ ಹೆಸರು ಅಚ್ಚಾಗುವುದು, ಅದೂ ಒಂದು ಸೊಟ್ಟ ಕಾಲಿನ ಕೆಳಗೆ? ತಾನು ಬೇಕೆಂದೇ ಕೆಟ್ಟದಾಗಿ ಕೊರೆಯಬೇಕೆ, ಆ ಮಂದಗಣ್ಣಿನವರಿಗಾಗಿ? ಸಿಟ್ಟು ಬಂತು. ಕಾಲನ್ನು ನೇರವಾಗಿ, ನಿಧಾನವಾಗಿ, ಒಂದಿಷ್ಟೂ ತಪ್ಪಿಲ್ಲದಂತೆ ಮುಗಿಸಿದ. ಆಮೇಲೆ ಬಹಳ ಹೊತ್ತು ಅದನ್ನೇ ನೋಡುತ್ತ ಕೂತ. ಆ ಹುಡುಗನಿಗಿಂತ ಈ ಮುದುಕನೇ ಮೇಲು ಎನಿಸಿ ಎದೆ ಉಬ್ಬಿತು. ಕಾಗದಕ್ಕೆ ದೊಡ್ಡದಾಗಿ ಸಹಿ ಹಾಕಿದ.

ಮೂರು ವಾರ ಕಳೆದು ಟ್ರೆಡ್‌ವೆಲ್ ಮತ್ತೆ ಬಂದಳು. ಜೊತೆಗೆ ಬಡಕಲು ಮೈಯ, ಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡ ಒಬ್ಬ ಗಂಡಸಿದ್ದ. ಲೈಲ್ ಆಸ್ಗುಡ್, ಪ್ರದರ್ಶನದ ಪುಸ್ತಕ ಬರೆಯುವವನು. ಇವನೂ ಅದೇ ಹಿಂಡಿನವನೆಂದು ಗರಬೇದ್ ಮನಸ್ಸಿನಲ್ಲೇ ಮೂಗು ಮುರಿದ.

"ತಾಶ್‌ಜಿಯಾನ್ ಅವರೇ, ಕೆಲಸದ ಮಧ್ಯೆ ಬಂದಿದೀನಿ, ಬೇಜಾರು ಮಾಡ್ಕೋಬೇಡಿ," ಎಂದ ಆಸ್ಗುಡ್. ಹೆಸರನ್ನು ಸರಿಯಾಗಿಯೇ ಹೇಳಿದ. ಸೀಟಿಯನ್ನೂ ಒಂದು ಮಸಿಯ ಅಚ್ಚನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. "ಇದು ಮಳಿಗೆ ಪುಸ್ತಕದ್ದು. ಇಲ್ಲಿ ಆರ್ ಕಾಲು ಜಾರಿದೆ, ನೋಡಿ. ಸೀಟಿ ಮೇಲೆ ಜಾರಿಲ್ಲ. ಅಂದ್ರೆ ಇದನ್ನ ಈಚೆಗೆ ಯಾರೋ ಕೊರೆದಿದಾರೆ."

ಟ್ರೆಡ್‌ವೆಲ್ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದಳು.

"ನೀಟಾಗೇನೋ ಇದೆ," ಆಸ್ಗುಡ್ ಮುಂದುವರಿಸಿದ, "ಆದ್ರೆ ಜೀವ ಇಲ್ಲ. ಹೆದರಿ ಹೆದರಿ ಕೊರೆದ ಹಾಗಿದೆ. ಆ ಹಳೇ ಕೈ ಹೀಗಲ್ಲ. ಇಪ್ಪತ್ತು ವರ್ಷದಿಂದ ಆ ಮಳಿಗೆ ಪುಸ್ತಕದಲ್ಲಿ ಅವನೊಬ್ಬನ ಬೆನ್ನು ಹತ್ತಿದೀನಿ. ನಾನೂರು ಅಚ್ಚು ಗುರುತು ಹಿಡಿದಿದೀನಿ. ಎಲ್ಲಿ ನೋಡಿದ್ರೂ ಅವನ ಕೈ ಗೊತ್ತಾಗುತ್ತೆ. ನಾನು ಬರೀತಿರೋ ಪುಸ್ತಕದಲ್ಲಿ ಅವನಿಗೇ ಅಂತ ಒಂದು ಅಧ್ಯಾಯ ಇಟ್ಟಿದೀನಿ. ಹೆಸರೊಂದು ಸಿಕ್ತಾ ಇಲ್ಲ."

ಖಾನೆಯಲ್ಲಿದ್ದ ತನ್ನ ಅಚ್ಚುಗಳ ಪುಸ್ತಕದ ಮೇಲೆ ಗರಬೇದ್‌ನ ಕೈ ತಾನಾಗಿ ಹೋಯಿತು. ಅದನ್ನು ತೆಗೆದು ತೋರಿಸಿದರೆ ಸಾಕು, ಆ ಅಧ್ಯಾಯವೆಲ್ಲ ಅವನದು. ಆದರೆ ಹಳೆಯ ಕೈ ಅವನದೆಂದಾದರೆ, ಈಚಿನ ಕೈ ಯಾರದು? ಎಪ್ಪತ್ತೊಂದರಲ್ಲೇ ಕೊರೆದೆ ಎಂದು ಸಹಿ ಹಾಕಿದ್ದು ಯಾರು?

"ಪಾಪ, ಗ್ಯಾರಿಗೆ ವಯಸ್ಸಾಯ್ತು. ಬೇರೆ ಯಾವ್ದೋ ಸೀಟಿ ಜೊತೆ ಕಲಸ್ಕೊಂಡಿದಾನೆ," ಎಂದಳು ಟ್ರೆಡ್‌ವೆಲ್. "ನಾನೇನು ಕಂಡೆ? ಅವನು ಬರೆದುಕೊಟ್ಟ, ನಂಬಿದೆ."

ಗರಬೇದ್ ಅವಳ ಮುಖ ನೋಡಿದ. ಅವಳ ಕಣ್ಣಲ್ಲಿ ನಾಚಿಕೆಯ ಲವಲೇಶವೂ ಇರಲಿಲ್ಲ. ಉಗಿಯಬೇಕೆನಿಸಿತು. ಆದರೆ ಉಗಿದರೆ ತನ್ನ ಮೇಲೂ ಬೀಳುತ್ತಿತ್ತು.

ಆಸ್ಗುಡ್ ಜೇಬಿನಿಂದ ಸಹಿಯ ಕಾಗದ ತೆಗೆದು ಅವನ ಮುಂದಿಟ್ಟ. "ದೊಡ್ಡದು ಮಾಡೋದು ಬೇಡ. ವಯಸ್ಸಾದ್ಮೇಲೆ ಮರೆವು ಎಲ್ಲರಿಗೂ ಬರುತ್ತೆ. ಹರಿದುಹಾಕಿ, ನಾನೂ ಮರೆತುಬಿಡ್ತೀನಿ."

ಗರಬೇದ್ ಕಾಗದವನ್ನು ಎರಡಾಗಿ ಹರಿದ, ನಾಲ್ಕಾಗಿ ಹರಿದ. ಚೂರುಗಳು ಮೇಜಿನ ಮೇಲಿನ ಚಿನ್ನದ ಪುಡಿಯ ಜೊತೆ ಬಿದ್ದವು.

"ಆದ್ರೂ ಒಂದು ಮಾತು," ಆಸ್ಗುಡ್ ಬಾಗಿಲ ಹತ್ತಿರ ನಿಂತು ತಿರುಗಿದ. ಅವನ ದನಿಯಲ್ಲಿ ನಿಜವಾದ ಆಸೆ ಇತ್ತು. "ಆಗ ನೀವೂ ಆ ಮೂರನೇ ಮಹಡೀಲೇ ಇದ್ರಿ ಅಂತ ಕೇಳಿದೀನಿ. ಅವನನ್ನ ಕಂಡಿರಬೇಕು. ಏನು ಅವನ ಹೆಸರು?"

ಗರಬೇದ್ ಭೂತಗನ್ನಡಿಯನ್ನು ಕಣ್ಣಿಗೇರಿಸಿಕೊಂಡು ಮೇಜಿನ ಮೇಲೆ ಬಗ್ಗಿದ.

"ನೆನಪಿಲ್ಲ," ಎಂದ.