ಗೇಣು ಕಡಿಮೆ

“ಹೆಗಲ ಬದಲಿ ಮಾಡೋ ಪೀರಪ್ಪಾ! ನಿನ್ನ ಉದ್ದಕ್ಕ ಮಾಲಕರು ಒಂದ ಕಡಿಗಿ ವಾಲಾಕತ್ತಾರ!” ಮುಂದೆ ಶಂಖ ಊದುತ್ತಿದ್ದ ಮಲ್ಲಯ್ಯ ತಿರುಗಿ ಕೂಗಿದ.

ಪೀರಪ್ಪ ಹೆಗಲು ಬಿಡಲಿಲ್ಲ. ಮೊಣಕಾಲು ಬಾಗಿಸಿಕೊಂಡೇ ನಡೆದ. ಶವಯಾತ್ರೆಯ ವಿಮಾನದಲ್ಲಿ ಕೂರಿಸಿದ್ದ ಚಾದರ ಕಾರಖಾನೆಯ ಮಾಲಕ ಸಾತಲಿಂಗಪ್ಪನವರು ಮತ್ತೆ ನೆಟ್ಟಗಾದರು.

“ಖರೇ ಮನಷ್ಯಾ ಬಿಡ್ರಿ,” ಎಂದ ಹಿಂದೆ ಬರುತ್ತಿದ್ದ ಪೇಟೆಯ ವ್ಯಾಪಾರಿಯೊಬ್ಬ. “ನೂಲಿನ ದರಾ ಈ ವರ್ಷ ದುಪ್ಪಟ್ಟ ಆತು. ಅಂಥಾದ್ರಾಗೂ ಮಾಪದಾಗ ಒಂದ ಬಟ್ಟಿನಷ್ಟೂ ಮೋಸ ಮಾಡ್ಲಿಲ್ಲ.”

ಪೀರಪ್ಪನಿಗೆ ಆ ಹೊಗಳಿಕೆ ಬೇಕಿರಲಿಲ್ಲ. ನೂಲಿಲ್ಲದೆ ಕಾರಖಾನೆ ಮುಚ್ಚಿ ಮೂರು ವಾರವಾಗಿತ್ತು. ಮನೆಯಲ್ಲಿ ಹೆಂಡತಿ ಹಣಮವ್ವ ದಿನದಿನಕ್ಕೆ ಅಂಬಲಿಗೆ ನೀರು ಹೆಚ್ಚಿಸುತ್ತ ಬಂದು, ನಿನ್ನೆ ಬರೀ ನೀರು ಕುದಿಸಿದ್ದಳು. ನಲವತ್ತು ಮನೆಗಳ ಪಾಡೂ ಅದೇ. ಬೆಳಿಗ್ಗೆ ಮಾಲಕರ ಮಗ ಸಿದ್ದಣ್ಣ ಬಂದು, “ಮಣ್ಣಾದ ಮ್ಯಾಲ ಎಲ್ಲಾರೂ ಕಾರಖಾನಿಗಿ ಬರ್ರಿ,” ಎಂದಷ್ಟೇ ಹೇಳಿದ್ದ. ಶಾಶ್ವತವಾಗಿ ಬಾಗಿಲು ಹಾಕುತ್ತಾನೋ, ಮಗ್ಗಗಳನ್ನು ಮಾರುತ್ತಾನೋ, ಯಾರಿಗೆ ಗೊತ್ತು!

*

ಮೊದಮೊದಲು ಸಾತಲಿಂಗಪ್ಪನವರೂ ಪೇಟೆಯ ಉಳಿದವರಂತೆಯೇ. ಅಂಟಿಸಿದ ಚೀಟಿಯ ಮೇಲೆ ಪೂರಾ ಮಾಪ, ಚಾದರದಲ್ಲಿ ಒಂದು ಗೇಣು ಕಡಿಮೆ. ಮಾಲಕರು ಹಾಗಿದ್ದರೆ ಆಳುಗಳೇನು ಕಡಿಮೆಯೇ? ಧೋತರದಲ್ಲಿ ನೂಲು ಸುತ್ತಿಕೊಂಡು ಮನೆಗೆ ಒಯ್ಯುತ್ತಿದ್ದರು. ಎಳೆ ಹರಿದರೆ ಕಂಡೂ ಕಾಣದಂತೆ ನೇಯುತ್ತಿದ್ದರು.

ಒಂದು ಚಳಿಗಾಲ ಮಾಲಕರು ದರ್ಶನಕ್ಕೆಂದು ಹೋಗಿ ಅಕ್ಕಲಕೋಟದ ಧರ್ಮಶಾಲೆಯಲ್ಲಿ ಇಳಿದಿದ್ದರು. ಮುಂಜಾನೆ ಎದ್ದು ನೋಡಿದರೆ ಪಕ್ಕದಲ್ಲಿ ಒಬ್ಬ ಮುದುಕ ಮಲಗಿದ್ದ. ಚಾದರವನ್ನು ತಲೆಗೆ ಎಳೆದರೆ ಕಾಲು ಹೊರಗೆ, ಕಾಲಿಗೆ ಎಳೆದರೆ ತಲೆ ಹೊರಗೆ. ಚಾದರ ಅವರ ಕಾರಖಾನೆಯದೇ. ಮಾಲಕರು ದರ್ಶನವನ್ನೂ ಮಾಡದೆ ತಮ್ಮೂರು ಸೊಲ್ಲಾಪುರದ ಗಾಡಿ ಹತ್ತಿದರು.

ಮರುದಿನ ಎಲ್ಲರಿಗಿಂತ ಉದ್ದದ ಪೀರಪ್ಪನನ್ನು ಕರೆದರು.

“ಮಲಕೋ.”

“ಎಲ್ಲಿರಿ?”

“ಇಲ್ಲೇ, ಮೇಜಿನ ಮ್ಯಾಲ.”

ಅಂದು ನೇಯ್ದ ಚಾದರವೊಂದನ್ನು ಅವನ ಮೇಲೆ ಹೊದಿಸಿದರು. ಪಾದಗಳೆರಡೂ ಹೊರಗೆ! ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾಲಕರು ನಗಲಿಲ್ಲ. “ಚಳ್ಯಾಗ ಮಲಗೋರ ಸಲುವಾಗಿ ನೇಯಾಕತ್ತೀವಿ ನಾವು. ಇವನ ಕಾಲ ಮುಚ್ಚದ ಚಾದರ ಈ ಬಾಗಲಾ ದಾಟಂಗಿಲ್ಲ.”

ಅಂದಿನಿಂದ ದಿನಾ ಸಂಜೆ ಪೀರಪ್ಪ ಮಲಗಬೇಕು. ಕಾಲು ಕಂಡರೆ ಅಂದಿನ ಮಾಲೆಲ್ಲ ಅಲ್ಲೇ ಉಳಿಯಬೇಕು. ನಷ್ಟ ಮಾಲಕರದು, ಯಾರ ಪಗಾರಕ್ಕೂ ಕೈ ಹಚ್ಚಲಿಲ್ಲ. ವರ್ಷ ಕಳೆಯುವುದರೊಳಗೆ ನೇಕಾರರೇ, “ನಂದು ಹೊಚ್ಚಿ ನೋಡ್ರಿ,” ಎಂದು ಮುಂದೆ ಬರತೊಡಗಿದರು. ನೂಲು ಕದಿಯುವುದು ತಾನಾಗಿ ನಿಂತಿತು. ಹೈದರಾಬಾದಿನ ಅಂಗಡಿಗಳವರು ಹೆಸರು ಹಿಡಿದು ಕೇಳಿದರು. ಎಂಟು ಮಗ್ಗ ಇಪ್ಪತ್ತನಾಲ್ಕಾದವು.

*

ಮಣ್ಣು ಕೊಟ್ಟು, ಮಿಂದು, ಒದ್ದೆ ಬಟ್ಟೆಯಲ್ಲೇ ಎಲ್ಲರೂ ಕಾರಖಾನೆಗೆ ಬಂದರು. ಬಾಗಿಲಲ್ಲಿ ನೂಲಿನ ಮೂಟೆಗಳು! ಅಲ್ಲೇ ನೂಲು ಸುತ್ತುವ ಕೆಲಸದ ಹಣಮವ್ವ ಓಡಿಹೋಗಿ ಒಂದನ್ನು ಮುಟ್ಟಿ ನೋಡಿ, “ಬೀರೋಬಾ, ಕಣ್ಣ ತೆರದ್ಯೋ!” ಎಂದು ಅತ್ತೇಬಿಟ್ಟಳು.

“ಮುಂಬೈದ ವ್ಯಾಪಾರಿ ಕಳಸ್ಯಾನ,” ಎಂದ ಸಿದ್ದಣ್ಣ, ಯಾರ ಮುಖವನ್ನೂ ನೋಡದೆ. “ನೂಲೂ ಅವಂದು, ಮಾಪಾನೂ ಅವಂದು. ಚೀಟಿ ಮ್ಯಾಲ ಪೂರಾ. ಚಾದರ ಗೇಣ ಕಡಿಮಿ.”

ಪೀರಪ್ಪನ ಮೈ ಉರಿಯಿತು. “ನಿಮ್ಮಪ್ಪಗ ಮಣ್ಣ ಕೊಟ್ಟ ಕೈ ಇನ್ನಾ ಹಸಿ ಅದಾವ, ಸಿದ್ದಣ್ಣಾರ! ನಾಚಿಕಿ ಬರಂಗಿಲ್ಲೇನ್ರಿ?”

ಸಿದ್ದಣ್ಣ ಕರಾರಿನ ಕಾಗದವನ್ನು ಅವನ ಮುಂದೆ ಹಿಡಿದ. ಓದು ಬಾರದ ಪೀರಪ್ಪನಿಗೂ ಕೆಳಗಿನ ಸಹಿ ಯಾರದೆಂದು ಗೊತ್ತಿತ್ತು.

“ಸಹಿ ಅಪ್ಪಾನ ಮಾಡ್ಯಾರ ಕಾಕಾ. ನಲವತ್ತ ಮನಿ ಒಲಿ ಹತ್ತಬೇಕು, ಬ್ಯಾರೆ ದಾರಿ ಇಲ್ಲಂದ್ರು. ಆವತ್ತಿಂದ ಊಟ ಬಿಟ್ರು. ನಿಮ್ಮ ಮಾರಿ ನೋಡಾಕ ಆಗಂಗಿಲ್ಲಂತ ಈ ಕಡಿ ಬರೋದ ಬಿಟ್ರು.” ಅವನು ಕಾಗದ ಮಡಚಿದ. “ಬ್ಯಾಡ ಅಂದ್ರ ಹೇಳ್ರಿ, ನೂಲು ವಾಪಸ್ ಕಳಸ್ತೀನಿ. ಬಾಗಲಾ ಹಾಕೂಣು.”

ಹಣಮವ್ವ ಕಣ್ಣೊರೆಸಿಕೊಂಡು ಹೋಗಿ ನೂಲು ಸುತ್ತಲು ಕೂತಳು. ಒಂದು ಮಗ್ಗ ಸದ್ದು ಮಾಡಿತು, ಆಮೇಲೆ ಇನ್ನೊಂದು.

ಸಂಜೆ ಮೊದಲ ಚಾದರ ಕತ್ತರಿಸುವ ಗುರುತಿಗೆ ಬಂತು. ಗುರುತು ಪೂರಾ ಮಾಪಕ್ಕಿಂತ ಗೇಣು ಹಿಂದಿತ್ತು. ಮಗ್ಗ ನಿಲ್ಲಿಸಿದ ಸಾಯಬಣ್ಣ ಕತ್ತರಿಯನ್ನು ಪಕ್ಕದವನಿಗೆ ಕೊಟ್ಟ. ಅವನು ಮತ್ತೊಬ್ಬನಿಗೆ. ಕತ್ತರಿ ಕೈಯಿಂದ ಕೈಗೆ ಹೋಗಿ ಕೊನೆಗೆ ನೆಲಕ್ಕೆ ಬಂತು.

ಆಗ ಬಾಗಿಲಲ್ಲಿ ಮಾಲಕರ ಹೆಂಡತಿ ಕಸ್ತೂರಬಾಯಿ ನಿಂತಿದ್ದರು. ಗಂಡನಿಗೆ ಮಣ್ಣಾದ ದಿನ ಹೆಂಡತಿ ಹೊಸ್ತಿಲು ದಾಟುವುದುಂಟೇ! ಬಳೆಯಿಲ್ಲದ ಕೈಯಿಂದ ಅವರು ಕತ್ತರಿ ಎತ್ತಿಕೊಂಡರು.

“ಅವ್ವಾರ, ನೀವ್ಯಾಕ್ರಿ…” ಎಂದ ಪೀರಪ್ಪ.

“ನೀವು ಕತ್ತರಿ ಮುಟ್ಟಬ್ಯಾಡ್ರಿ. ಸಹಿ ನಮ್ಮ ಮನೀದು. ಪಾಪಾನೂ ನಮ್ಮ ಮನೀಗೇ ಇರಲಿ.”

ಕತ್ತರಿ ಹಾಕಿದರು. ಸಡಿಲ ಬಟ್ಟೆ ಕತ್ತರಿಯ ಬಾಯಿಗೆ ಸಿಗದೆ ಮಡಚಿಕೊಂಡಿತು. ಮತ್ತೆ ಹಾಕಿದರು, ಮತ್ತೆ ಜಾರಿತು. ಮೂರನೆಯ ಸಲ ಬಾಗಿದರು.

ಪೀರಪ್ಪ ಹೋಗಿ ಬಟ್ಟೆಯ ಇನ್ನೊಂದು ಅಂಚು ಹಿಡಿದ. ಕತ್ತರಿಗೆ ಸಿಗುವಂತೆ ಬಿಗಿಯಾಗಿ ಎಳೆದು ನಿಂತ.